ಸೈನಾಲಜಿ ಹಿಂದೆ ಸರಿಯಿತು, ಸರಿ. ನಿಮ್ಮ ನ್ಯಾಸ್ ಕೆಟ್ಟರೆ ಫೋಟೊಗಳು ಹೊರಗೆ ಬರುತ್ತವೆಯೇ?

2025ರ ಏಪ್ರಿಲ್‌ನಲ್ಲಿ ತೈವಾನಿನ ಸೈನಾಲಜಿ ಕಂಪನಿ ಹೊಸ ನಿಯಮವೊಂದನ್ನು ತಂದಿತು. ಆ ವರ್ಷದಿಂದ ಬರುವ ತನ್ನ ‘ಪ್ಲಸ್’ ಸರಣಿಯ ನ್ಯಾಸ್‌ಗಳಲ್ಲಿ (ಮನೆಯ ಫೈಲುಗಳನ್ನು ಕೂಡಿಡುವ ಡಿಸ್ಕ್ ಪೆಟ್ಟಿಗೆಗಳಲ್ಲಿ) ತನ್ನ ಹೆಸರಿನ ಹಾರ್ಡ್ ಡಿಸ್ಕ್ ಹಾಕಬೇಕು, ಇಲ್ಲವೇ ತಾನು ಪರೀಕ್ಷೆ ಮಾಡಿ ಒಪ್ಪಿದ್ದನ್ನು ಹಾಕಬೇಕು ಎಂದಿತು. ಇದು ವಿಶ್ವಾಸಾರ್ಹತೆಗಾಗಿ, ನಿಮ್ಮ ಡೇಟಾ ಉಳಿಯಲಿ ಅಂತ ಎಂದು ಕಾರಣ ಕೊಟ್ಟಿತು. ಬಳಕೆದಾರರು ರೇಗಿದರು. ಅಕ್ಟೋಬರ್‌ನಲ್ಲಿ ಆ ನ್ಯಾಸ್‌ಗಳನ್ನು ನಡೆಸುವ ಡಿಎಸ್‌ಎಂ 7.3 ಸಾಫ್ಟ್‌ವೇರ್ ಬಂದಾಗ ಅದೇ ಕಂಪನಿ ಆ ನಿಯಮವನ್ನು ಬಹುಮಟ್ಟಿಗೆ ಕೈಬಿಟ್ಟಿತು.

ಇಲ್ಲೇ ಗೊಂದಲ. ಡೇಟಾ ಉಳಿಸಲು ಆ ಡಿಸ್ಕ್‌ಗಳೇ ಬೇಕಿದ್ದರೆ ಆರೇ ತಿಂಗಳಲ್ಲಿ ಬೇಡವಾದದ್ದು ಹೇಗೆ? ಬೇಕಿರಲಿಲ್ಲ ಎಂದಾದರೆ ನಿಯಮ ತಂದದ್ದು ಯಾಕೆ? ಮನೆಯಲ್ಲಿ ನಾಲ್ಕು ಡಿಸ್ಕ್ ಹಾಕಿ ಹತ್ತು ವರ್ಷದ ಫೋಟೊ ತುಂಬಿಟ್ಟವರಿಗೆ ಉಳಿಯುವ ಪ್ರಶ್ನೆ ಇನ್ನೂ ಸರಳ: ನನ್ನ ಡೇಟಾ ಸೇಫಾ?

ಕಂಪನಿಯ ಮಾತಿನಲ್ಲಿ ಹುರುಳಿತ್ತೇ?

ನ್ಯಾಸ್ ಎಂದರೆ ಮನೆಯ ರೂಟರ್‌ಗೆ ಜೋಡಿಸುವ ಚಿಕ್ಕ ಕಂಪ್ಯೂಟರ್. ಒಳಗೆ ಎರಡೋ ನಾಲ್ಕೋ ಡಿಸ್ಕ್ ಇರುತ್ತವೆ. ಮನೆಯ ಎಲ್ಲ ಫೋನು, ಲ್ಯಾಪ್‌ಟಾಪುಗಳ ಫೈಲುಗಳು ಅಲ್ಲಿಗೆ ಹೋಗುತ್ತವೆ. ಡಿಸ್ಕ್‌ಗಳನ್ನು ರೇಡ್ ಎಂಬ ವ್ಯವಸ್ಥೆಯಲ್ಲಿ ಹೆಣೆದಿರುವುದರಿಂದ ಒಂದು ಕೆಟ್ಟರೂ ಉಳಿದವುಗಳಿಂದ ಕೆಲಸ ನಡೆಯುತ್ತದೆ. ಹೊಸ ಡಿಸ್ಕ್ ಹಾಕಿದರೆ ಕಳೆದುಹೋದ ಭಾಗವನ್ನು ಯಂತ್ರವೇ ಲೆಕ್ಕ ಹಾಕಿ ಮತ್ತೆ ತುಂಬುತ್ತದೆ. ಇದಕ್ಕೆ ರೀಬಿಲ್ಡ್ ಎನ್ನುತ್ತಾರೆ.

ಎಲ್ಲ ಡಿಸ್ಕ್‌ಗಳೂ ಈ ಕೆಲಸಕ್ಕೆ ಹೊಂದುವುದಿಲ್ಲ ಎಂಬುದು ನಿಜ. ಒಂದು ಡಿಸ್ಕ್‌ಗೆ ಒಂದು ಕಡೆ ಓದಲು ಕಷ್ಟವಾಯಿತು ಅಂದುಕೊಳ್ಳಿ. ನ್ಯಾಸ್‌ಗೆಂದೇ ಮಾಡಿದ ಡಿಸ್ಕ್ ಸುಮಾರು 7 ಸೆಕೆಂಡ್ ಪ್ರಯತ್ನಿಸಿ, ಆಗಲಿಲ್ಲ ಎಂದು ಹೇಳಿಬಿಡುತ್ತದೆ. ಆ ತುಣುಕನ್ನು ರೇಡ್ ಬೇರೆ ಡಿಸ್ಕ್‌ಗಳಿಂದ ಪಡೆಯುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗೆ ಈ ಮಿತಿ ಇರುವುದಿಲ್ಲ. ಅದು ಒಂದೆರಡು ನಿಮಿಷವಾದರೂ ಬಿಡದೆ ಒದ್ದಾಡಬಹುದು. ಅಷ್ಟು ಹೊತ್ತು ಉತ್ತರ ಬಾರದಿದ್ದರೆ ನ್ಯಾಸ್ ಆ ಡಿಸ್ಕ್ ಸತ್ತಿದೆ ಎಂದು ತೀರ್ಮಾನಿಸಿ ಹೊರಗೆ ಹಾಕಬಹುದು. ಒಂದು ಚುಕ್ಕಿಯಷ್ಟು ದೋಷಕ್ಕೆ ಇಡೀ ಡಿಸ್ಕ್ ಹೋದಂತೆ.

ಇನ್ನೊಂದು ಉದಾಹರಣೆ 2020ರದ್ದು. ವೆಸ್ಟರ್ನ್ ಡಿಜಿಟಲ್ ನ್ಯಾಸ್‌ಗೆಂದೇ ಮಾರುತ್ತಿದ್ದ ‘ರೆಡ್’ ಡಿಸ್ಕ್‌ಗಳಲ್ಲಿ 2ರಿಂದ 6 ಟಿಬಿವರೆಗಿನ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಬಗೆಯವು ಎಂದು ಆ ಏಪ್ರಿಲ್‌ನಲ್ಲಿ ಬಯಲಾಯಿತು. ಈ ಬಗೆಯಲ್ಲಿ ಡೇಟಾ ಇರುವ ಪಟ್ಟಿಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆಯುತ್ತಾರೆ. ಜಾಗ ಉಳಿಯುತ್ತದೆ. ಆದರೆ ಒಂದು ಪಟ್ಟಿ ಬದಲಿಸಬೇಕಾದರೆ ಅಕ್ಕಪಕ್ಕದವನ್ನೂ ಮತ್ತೆ ಬರೆಯಬೇಕು. ಹಾಗಾಗಿ ಬಿಡುವಿಲ್ಲದೆ ಬರೆಯುವ ರೀಬಿಲ್ಡ್ ಕೆಲಸಕ್ಕೆ ಇದು ಆಗಿಬರುವುದಿಲ್ಲ. ಸರ್ವ್‌ದಿಹೋಮ್ ತಾಣ ಆಗ ಪರೀಕ್ಷಿಸಿದಾಗ, ಬೇರೆ ಡಿಸ್ಕ್‌ಗಳು ಒಂದು ದಿನದೊಳಗೆ ಮುಗಿಸಿದ ರೀಬಿಲ್ಡ್‌ಗೆ ಈ 4 ಟಿಬಿ ಡಿಸ್ಕ್ 9 ದಿನಕ್ಕಿಂತ ಜಾಸ್ತಿ ತೆಗೆದುಕೊಂಡಿತು. ಆ 9 ದಿನ ಇನ್ನೊಂದು ಡಿಸ್ಕ್ ಕೆಡದಿರಲಿ ಎಂದು ಕಾಯಬೇಕು. ಪೆಟ್ಟಿಗೆಯ ಮೇಲೆ ಇದ್ಯಾವುದೂ ಬರೆದಿರಲಿಲ್ಲ.

ಆಮೇಲೆ 2025ರ ಆರಂಭದಲ್ಲಿ, ಹೊಸದೆಂದು ಮಾರಾಟವಾದ ಸೀಗೇಟ್ ಡಿಸ್ಕ್‌ಗಳು ಬಳಸಿದ ಮಾಲು ಎಂದು ಜರ್ಮನಿಯಲ್ಲಿ ಗೊತ್ತಾಯಿತು. ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಸ್ಮಾರ್ಟ್ ದಾಖಲೆಯನ್ನು ಸೊನ್ನೆ ಮಾಡಿದ್ದರು. ಫಾರ್ಮ್ ಎಂಬ ಇನ್ನೊಂದು ಒಳದಾಖಲೆ ಮಾತ್ರ ಉಳಿದಿತ್ತು. ಅದರಲ್ಲಿ ಸಾವಿರಾರು ಗಂಟೆಗಳ ಲೆಕ್ಕ ಸಿಕ್ಕಿತು. ಚಿಯಾ ಎಂಬ ಕ್ರಿಪ್ಟೊ ನಾಣ್ಯದ ಗಣಿಗಾರಿಕೆಗೆ ಬಳಸಿ ಬಿಟ್ಟ ಡಿಸ್ಕ್‌ಗಳಿರಬೇಕು ಎಂಬ ಅನುಮಾನ ಬಂತು. ಆನ್‌ಲೈನ್‌ನಲ್ಲಿ ಕಡಿಮೆ ರೇಟಿಗೆ ಸಿಕ್ಕಿತೆಂದು ಸೀಗೇಟ್ ಡಿಸ್ಕ್ ಕೊಂಡವರು ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಈ ಎರಡೂ ಲೆಕ್ಕಗಳನ್ನು ತಾಳೆ ನೋಡಬಹುದು.

ಹೀಗಿರುವಾಗ ನಾವು ಪರೀಕ್ಷಿಸಿದ ಡಿಸ್ಕನ್ನೇ ಹಾಕಿ ಎನ್ನುವುದು ಸುಮ್ನೆ ಕಟ್ಟಿದ ಕಥೆಯಲ್ಲ. ಪರೀಕ್ಷಿಸಿದ ಡಿಸ್ಕ್ ಇದ್ದಲ್ಲಿ ಸ್ಟೋರೇಜ್ ಸಮಸ್ಯೆಗಳು ಸುಮಾರು ಶೇ 40ರಷ್ಟು ಕಡಿಮೆ ಎಂದು ಕಂಪನಿ ತನ್ನ ಗ್ರಾಹಕ ಸೇವೆಯ ಲೆಕ್ಕದಿಂದ ಹೇಳಿತು. ಹೋಲಿಕೆ ಯಾವುದರ ಜೊತೆ ಎಂಬುದೇ ಇಲ್ಲಿ ಮುಖ್ಯ. ಒಳ್ಳೆಯ ನ್ಯಾಸ್ ಡಿಸ್ಕ್ ಹಾಕಿದವರನ್ನೂ, ಹಳೇ ಡೆಸ್ಕ್‌ಟಾಪಿನಿಂದ ಕಿತ್ತು ಹಾಕಿದವರನ್ನೂ ಒಂದೇ ಗುಂಪಿಗೆ ಸೇರಿಸಿದರೆ ಅಂಥ ಸಂಖ್ಯೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಜನ ರೇಗಿದ್ದೇಕೆ?

ಹಾರ್ಡ್ ಡಿಸ್ಕ್ ಮಾಡುವ ಕಂಪನಿಗಳು ಜಗತ್ತಿನಲ್ಲಿ ಉಳಿದಿರುವುದೇ ಮೂರು: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಸೈನಾಲಜಿ ಹೆಸರಿನ ಡಿಸ್ಕ್‌ಗಳೂ ಸೀಗೇಟ್, ತೋಷಿಬಾದವರು ಮಾಡಿಕೊಟ್ಟವೇ. ಫರ್ಮ್‌ವೇರ್ (ಡಿಸ್ಕ್‌ನೊಳಗಿನ ಸಾಫ್ಟ್‌ವೇರ್) ಮತ್ತು ಪರೀಕ್ಷೆಯಲ್ಲಿ ವ್ಯತ್ಯಾಸ ಇದೆ ಎಂದು ಕಂಪನಿ ಹೇಳುತ್ತದೆ, ಇರಲಿ. ಆದರೆ ಅದೇ ಕಾರ್ಖಾನೆಯ ಇನ್ನೊಂದು ಒಳ್ಳೆಯ ಡಿಸ್ಕನ್ನು ಹಾಕಿದರೆ ಎಚ್ಚರಿಕೆ ಕೊಡುವುದು ಒಂದು ಮಾತು, ಹೊಸದಾಗಿ ಸ್ಟೋರೇಜ್ ಪೂಲ್ (ಡಿಸ್ಕ್‌ಗಳನ್ನು ಸೇರಿಸಿ ಮಾಡುವ ಒಟ್ಟು ಜಾಗ) ಮಾಡಲು ಬಿಡದಿರುವುದು ಇನ್ನೊಂದು ಮಾತು. ಆ ವರ್ಷದ ಪ್ಲಸ್ ಮಾಡೆಲ್ ಡಿಎಸ್925+ ಮಾರುಕಟ್ಟೆಗೆ ಬಂದಾಗ ಆದದ್ದು ಎರಡನೆಯದು. ಹಳೇ ಸೈನಾಲಜಿಯಿಂದ ತಂದ ಡಿಸ್ಕ್‌ಗಳಿಗೆ ವಿನಾಯಿತಿ ಇತ್ತು. ಅದೇ ಡಿಸ್ಕ್ ಹಳೇ ಪೆಟ್ಟಿಗೆಯಿಂದ ಬಂದರೆ ನಡೆಯುತ್ತದೆ, ಅಂಗಡಿಯಿಂದ ಬಂದರೆ ನಡೆಯುವುದಿಲ್ಲ ಎಂದ ಮೇಲೆ ಇದು ಬರೀ ಸುರಕ್ಷತೆಯ ವಿಷಯ ಎಂದು ನಂಬುವುದು ಕಷ್ಟ.

ವಿಶ್ವಾಸಾರ್ಹತೆಯ ಹೆಸರಲ್ಲೇ ಇನ್ನೊಂದು ತೊಡಕೂ ಇತ್ತು. ರೇಡ್‌ನಲ್ಲಿ ಒಂದು ಡಿಸ್ಕ್ ಕೆಟ್ಟ ಕ್ಷಣದಿಂದ ಅಪಾಯದ ಗಡಿಯಾರ ಓಡತೊಡಗುತ್ತದೆ. ಬದಲಿ ಡಿಸ್ಕ್ ಬೇಗ ಸಿಕ್ಕಷ್ಟೂ ಒಳ್ಳೆಯದು. ಸೀಗೇಟ್ ಐರನ್‌ವುಲ್ಫ್ ಅಥವಾ ವೆಸ್ಟರ್ನ್ ಡಿಜಿಟಲ್‌ನ ರೆಡ್ ಪ್ಲಸ್ ಆದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಬಹುದು. ಒಂದೇ ಕಂಪನಿಯ, ಒಂದೇ ಹೆಸರಿನ ಡಿಸ್ಕ್ ಬೇಕೆಂದರೆ ಆರ್ಡರ್ ಮಾಡಿ ಕಾಯಬೇಕಾಗಬಹುದು. ಊರು ಚಿಕ್ಕದಾದಷ್ಟೂ ಕಾಯುವುದು ಹೆಚ್ಚು.

ಡಿಸ್ಕ್ ಕೆಡುವುದು ಎಷ್ಟು ಸಾಮಾನ್ಯ?

ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕ್ಲೌಡ್ ಕಂಪನಿ ತನ್ನ ಡಿಸ್ಕ್‌ಗಳ ಲೆಕ್ಕವನ್ನು ವರ್ಷಗಳಿಂದ ಬಹಿರಂಗ ಮಾಡುತ್ತಿದೆ. 2024ರಲ್ಲಿ ಅಲ್ಲಿ ಸುಮಾರು 3 ಲಕ್ಷ ಡಿಸ್ಕ್‌ಗಳಿದ್ದವು, ಕೆಟ್ಟ ಪ್ರಮಾಣ ವರ್ಷಕ್ಕೆ ಶೇ 1.57. ಇದು ಡೇಟಾ ಸೆಂಟರಿನ ಲೆಕ್ಕ. ದೂಳು, ಸೆಕೆ, ಟಿವಿ ಕಪಾಟಿನ ಇಕ್ಕಟ್ಟು ಅಲ್ಲಿಲ್ಲ. ಆದರೂ ಅದನ್ನೇ ಹಿಡಿದು ನಾಲ್ಕು ಡಿಸ್ಕ್‌ಗಳ ನ್ಯಾಸ್‌ಗೆ ಐದು ವರ್ಷದ ಲೆಕ್ಕ ಹಾಕಿದರೆ, ಒಂದಾದರೂ ಡಿಸ್ಕ್ ಕೆಡುವ ಸಂಭವ ಶೇ 27ರ ಹತ್ತಿರ ಬರುತ್ತದೆ. ನಾಲ್ಕು ಮನೆಗಳಲ್ಲಿ ಒಂದು ಮನೆ.

ಕೆಡುವ ಮೊದಲು ಸೂಚನೆ ಸಿಗುತ್ತದೆ ಅಲ್ವಾ? ಕೆಲವೊಮ್ಮೆ ಮಾತ್ರ. ಗೂಗಲ್ 2007ರಲ್ಲಿ 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತ್ತು. ಕೆಟ್ಟ ಡಿಸ್ಕ್‌ಗಳಲ್ಲಿ ಶೇ 36ಕ್ಕಿಂತ ಹೆಚ್ಚಿನವು, ಬಿಸಿಯ ಲೆಕ್ಕ ಬಿಟ್ಟರೆ, ಸ್ಮಾರ್ಟ್ ದಾಖಲೆಯಲ್ಲಿ ಯಾವ ಸುಳಿವೂ ಕೊಡದೆ ಸತ್ತಿದ್ದವು. ನ್ಯಾಸ್‌ನ ಪರದೆಯಲ್ಲಿ ಹಸಿರು ಬಣ್ಣದಲ್ಲಿ ‘ಆರೋಗ್ಯಕರ’ ಎಂದು ಕಂಡರೆ ಅದಕ್ಕಿರುವ ಬೆಲೆ ಅಷ್ಟೇ.

ರೀಬಿಲ್ಡ್ ಹೊತ್ತಿನಲ್ಲಿ ಎರಡನೇ ಡಿಸ್ಕ್ ಕೈಕೊಡುವುದಕ್ಕೂ ಒಂದು ಕಾರಣ ಇದೆ. ಎಂಟು ವರ್ಷದ ಹಿಂದಿನ ಮದುವೆ ವಿಡಿಯೊವನ್ನು ಯಾರೂ ತೆರೆದು ನೋಡಿಲ್ಲ. ಅದಿರುವ ಜಾಗ ಡಿಸ್ಕ್‌ನಲ್ಲಿ ಯಾವಾಗಲೋ ಹಾಳಾಗಿದೆ. ಯಾರೂ ಓದದ ಕಾರಣ ಯಂತ್ರಕ್ಕೂ ಅದು ಗೊತ್ತಿಲ್ಲ. ಈಗ ಪಕ್ಕದ ಡಿಸ್ಕ್ ಕೆಟ್ಟಿತು. ರೀಬಿಲ್ಡ್ ಎಂದರೆ ಉಳಿದ ಡಿಸ್ಕ್‌ಗಳನ್ನು ಮೊದಲಿಂದ ಕೊನೆಯವರೆಗೆ ಓದಲೇಬೇಕು. 12 ಟಿಬಿ ಡಿಸ್ಕ್‌ನಲ್ಲಿ ಸೆಕೆಂಡಿಗೆ 200 ಎಂಬಿ ಓದಿದರೂ 16 ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಆಗ ಆ ಹಾಳಾದ ಜಾಗ ಎದುರಾಗುತ್ತದೆ, ಸರಿ ಮಾಡಲು ಬೇಕಾದ ಇನ್ನೊಂದು ಡಿಸ್ಕ್ ಇರುವುದಿಲ್ಲ. ನ್ಯಾಸ್‌ಗಳಲ್ಲಿ ಡೇಟಾ ಸ್ಕ್ರಬ್ಬಿಂಗ್ ಎಂಬ ಸೌಲಭ್ಯ ಇರುವುದು ಇದಕ್ಕೇ. ಎಲ್ಲ ಡಿಸ್ಕ್ ಚೆನ್ನಾಗಿರುವಾಗಲೇ ಎಲ್ಲವನ್ನೂ ಓದಿ, ಹಾಳಾದದ್ದನ್ನು ಆಗಲೇ ಸರಿ ಮಾಡುತ್ತದೆ. ಕೆಲವು ತಿಂಗಳಿಗೊಮ್ಮೆ ತಾನಾಗಿ ನಡೆಯುವಂತೆ ಇಟ್ಟರೆ ಸಾಕು. ಎಷ್ಟೋ ಮನೆಗಳಲ್ಲಿ ಅದನ್ನು ಆನ್ ಮಾಡಿರುವುದೇ ಇಲ್ಲ.

ಡೇಟಾ ಹೋದ ದೊಡ್ಡ ಪ್ರಕರಣಗಳಲ್ಲಿ ಡಿಸ್ಕ್ ಚೆನ್ನಾಗೇ ಇತ್ತು

ಗಲಾಟೆಯಲ್ಲಿ ಮರೆಯಾದ ಭಾಗ ಇದು. ಮನೆ ಬಳಕೆಯ ನ್ಯಾಸ್‌ಗಳಲ್ಲಿ ಸಾವಿರಾರು ಜನ ಒಟ್ಟಿಗೆ ಡೇಟಾ ಕಳೆದುಕೊಂಡ ಘಟನೆಗಳನ್ನು ನೋಡಿ. ಡಿಸ್ಕ್ ಅಲ್ಲಿ ಕಾರಣವೇ ಅಲ್ಲ.

2021ರ ಜೂನ್ ಕೊನೆಯಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಎಂಬ ನ್ಯಾಸ್ ಬಳಸುತ್ತಿದ್ದವರು ಬೆಳಿಗ್ಗೆ ಎದ್ದು ನೋಡಿದರೆ ಫೋಲ್ಡರ್‌ಗಳು ಖಾಲಿ. ದೂರದಿಂದ ಯಾರೋ ಫ್ಯಾಕ್ಟರಿ ರಿಸೆಟ್ ಮಾಡಿದ್ದರು. ಆ ಯಂತ್ರಗಳಿಗೆ 2015ರ ನಂತರ ಅಪ್‌ಡೇಟ್ ಬಂದಿರಲಿಲ್ಲ. ತನಿಖೆ ಮಾಡಿದವರಿಗೆ ಕೋಡ್‌ನಲ್ಲಿ ವಿಚಿತ್ರ ಸಂಗತಿ ಸಿಕ್ಕಿತು. ರಿಸೆಟ್ ಮಾಡುವ ಮೊದಲು ಪಾಸ್‌ವರ್ಡ್ ಕೇಳುವ ಸಾಲುಗಳನ್ನು ಬರೆದಿದ್ದರು. ಆದರೆ ಪ್ರತಿ ಸಾಲಿನ ಮುಂದೆ ಎರಡು ಓರೆಗೆರೆ ಹಾಕಿ ಅವು ಕೆಲಸ ಮಾಡದಂತೆ ಬಿಟ್ಟಿದ್ದರು. 2011ರಿಂದ ಹಾಗೇ ಇತ್ತು. ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ರಿಸೆಟ್ ಮಾಡಬಹುದಿತ್ತು. ಕಂಪನಿ ಆಮೇಲೆ ಡೇಟಾ ರಿಕವರಿ ಸೇವೆ ಕೊಡಬೇಕಾಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳಿಗೆ ಕ್ಯೂಲಾಕರ್ ಎಂಬ ದಾಳಿ ಬಂದಿತ್ತು. ಫೈಲುಗಳನ್ನು ಪಾಸ್‌ವರ್ಡ್ ಇರುವ 7ಜಿಪ್ ಕಟ್ಟುಗಳಲ್ಲಿ ಕಟ್ಟಿ 0.01 ಬಿಟ್‌ಕಾಯಿನ್ ಕೇಳಿದರು. 2022ರ ಜನವರಿಯಲ್ಲಿ ಬಂದ, ಫೈಲುಗಳಿಗೆ ಬೀಗ ಹಾಕುವ ಡೆಡ್‌ಬೋಲ್ಟ್ ದಾಳಿ 0.03 ಬಿಟ್‌ಕಾಯಿನ್ ಕೇಳಿತು. ಇದರಲ್ಲಿ ಒಂದು ತಮಾಷೆಯೂ ನಡೆಯಿತು. ನೆದರ್‌ಲ್ಯಾಂಡ್ಸ್ ಪೊಲೀಸರು ಹಣ ಕಳುಹಿಸಿದಂತೆ ಮಾಡಿದರು. ಹಣ ಖಾತ್ರಿಯಾಗುವ ಮೊದಲೇ ಫೈಲು ಬಿಚ್ಚುವ ಕೀ ಬಂದುಬಿಡುತ್ತಿತ್ತು. ಕೀ ಕೈಗೆ ಬಂದ ಕೂಡಲೇ ಪಾವತಿ ರದ್ದು! ಹೀಗೆ 155 ಕೀಗಳನ್ನು ಎಗರಿಸಿದರು. ಉಳಿದವರಿಗೆ ಆ ಅದೃಷ್ಟ ಇರಲಿಲ್ಲ.

ಈ ಪ್ರಕರಣಗಳಲ್ಲಿ ರೇಡ್ ಇದ್ದ ಕಡೆ ಅದು ಏನು ಮಾಡಿತು? ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು. ಅಳಿಸು ಎಂದಾಗ ಎಲ್ಲ ಡಿಸ್ಕ್‌ಗಳಿಂದ ಅಳಿಸಿತು. ರೇಡ್ ಕಾರಿನ ಸ್ಟೆಪ್ನಿ ಇದ್ದಂತೆ. ಪಂಕ್ಚರ್ ಆದರೆ ಪ್ರಯಾಣ ನಿಲ್ಲುವುದಿಲ್ಲ, ಕಾರೇ ಕಳುವಾದರೆ ಸ್ಟೆಪ್ನಿಯೂ ಜೊತೆಗೇ ಹೋಗುತ್ತದೆ.

ಪೆಟ್ಟಿಗೆ ಸತ್ತರೆ, ಕಂಪನಿಯೇ ಸತ್ತರೆ

ಡಿಸ್ಕ್‌ಗಳೆಲ್ಲ ಸರಿ ಇದ್ದು ಪೆಟ್ಟಿಗೆಯೇ ಕೆಡುವುದೂ ಉಂಟು. ಇಂಟೆಲ್‌ನ ಆಟಮ್ ಸಿ2000 ಚಿಪ್‌ನಲ್ಲಿ ಗಡಿಯಾರದ ಸಂಕೇತ ಕೊಡುವ ಭಾಗ ಕಾಲ ಕಳೆದಂತೆ ಸೋಲುತ್ತದೆ ಎಂದು 2017ರಲ್ಲಿ ಹೊರಬಂತು. ಆ ಚಿಪ್ ಇದ್ದ ಸೈನಾಲಜಿ ಡಿಎಸ್415+, ಡಿಎಸ್1515+, ಡಿಎಸ್1815+ ಮಾಡೆಲ್‌ಗಳು ಒಂದು ದಿನ ಇದ್ದಕ್ಕಿದ್ದಂತೆ ಆನ್ ಆಗದೇ ಹೋಗಬಹುದಿತ್ತು. ಕಂಪನಿ ವಾರಂಟಿ ವಿಸ್ತರಿಸಿತು. ಇಂಥ ಹೊತ್ತಿನಲ್ಲಿ ಡಿಸ್ಕ್‌ಗಳನ್ನು ತೆಗೆದು ಬೇರೆ ಕಡೆ ಓದಬಹುದೇ ಎಂಬುದೇ ನಿರ್ಣಾಯಕ.

ಇಲ್ಲಿ ಸೈನಾಲಜಿಗೆ ಪೂರ್ತಿ ಅಂಕ ಕೊಡಬೇಕು. ಅದರ ಎಸ್‌ಎಚ್‌ಆರ್ ಎಂಬ ವ್ಯವಸ್ಥೆ ಒಳಗೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮಿನ ಸಾಮಾನ್ಯ ರೇಡ್ ಮತ್ತು ಎಲ್‌ವಿಎಂ (ಡಿಸ್ಕ್ ಜಾಗ ಕೂಡಿಸಿ ಹಂಚುವ ವ್ಯವಸ್ಥೆ) ಅಷ್ಟೇ. ಲಿನಕ್ಸ್‌ನದೇ ಒಂದು ರೂಪವಾದ ಉಬುಂಟು ಹಾಕಿದ ಯಾವುದೋ ಪಿಸಿಗೆ ಡಿಸ್ಕ್‌ಗಳನ್ನು ಜೋಡಿಸಿ ಫೈಲು ಹೊರತೆಗೆಯುವುದು ಹೇಗೆಂದು ಕಂಪನಿಯೇ ತನ್ನ ತಾಣದಲ್ಲಿ ಬರೆದಿದೆ. ಎನ್‌ಕ್ರಿಪ್ಟ್ ಮಾಡಿದ್ದರೆ (ಕೀ ಇಲ್ಲದೆ ಓದಲಾಗದಂತೆ ಇಟ್ಟಿದ್ದರೆ) ಮಾತ್ರ ಕೀ ಬೇಕು. ಆ ಕೀ ಫೈಲನ್ನು ಅದೇ ನ್ಯಾಸ್‌ನೊಳಗೆ ಇಟ್ಟುಕೊಂಡರೆ ಕತೆ ಮುಗಿಯಿತು.

ಡ್ರೋಬೊ ಕೊಂಡವರ ಪಾಡು ಬೇರೆ. ಬೇರೆ ಬೇರೆ ಅಳತೆಯ ಡಿಸ್ಕ್ ತುರುಕಿದರೂ ನಡೆಯುತ್ತದೆ ಎಂಬುದು ಆ ಪೆಟ್ಟಿಗೆಯ ಹೆಗ್ಗಳಿಕೆ. ಬಿಯಾಂಡ್‌ರೇಡ್ ಎಂಬ ಅದರ ವಿಧಾನ ಕಂಪನಿಯ ಸ್ವಂತದ್ದು. ಮಾತೃ ಕಂಪನಿ ಸ್ಟೋರ್‌ಸೆಂಟ್ರಿಕ್ 2022ರಲ್ಲಿ ದಿವಾಳಿ ಅರ್ಜಿ ಹಾಕಿ 2023ರಲ್ಲಿ ಮುಚ್ಚುವ ಹಾದಿ ಹಿಡಿಯಿತು. ಅಂದಿನಿಂದ ಡ್ರೋಬೊ ಪೆಟ್ಟಿಗೆ ಕೆಟ್ಟರೆ ಇನ್ನೊಂದು ಹಳೇ ಡ್ರೋಬೊ ಹುಡುಕಬೇಕು, ಇಲ್ಲವೇ ಆ ವಿಧಾನ ಬಲ್ಲ ದುಬಾರಿ ರಿಕವರಿಯವರ ಬಳಿ ಹೋಗಬೇಕು. ಮಾಮೂಲಿ ಲಿನಕ್ಸ್ ಪಿಸಿಗೆ ಆ ಡಿಸ್ಕ್‌ಗಳು ಅರ್ಥವಾಗುವುದಿಲ್ಲ.

ಹಾಗಾಗಿ ‘ಬೀಗ’ ಎರಡು ಬಗೆ. ಯಾವ ಡಿಸ್ಕ್ ಒಳಗೆ ಹೋಗಬಹುದು ಎಂಬುದು ಒಂದು. ಡೇಟಾ ಯಾವ ದಾರಿಯಲ್ಲಿ ಹೊರಗೆ ಬರಬಹುದು ಎಂಬುದು ಇನ್ನೊಂದು. 2025ರಲ್ಲಿ ಜನ ಜಗಳವಾಡಿದ್ದು ಮೊದಲನೆಯದಕ್ಕೆ. ಅದು ಜೇಬಿನ ಪ್ರಶ್ನೆ. ಫೋಟೊ ಉಳಿಯುವುದು ಎರಡನೆಯದರಿಂದ.

ಕೆಟ್ಟ ಮೇಲಿನ ಮೊದಲ ಗಂಟೆ

ರಿಕವರಿ ಅಸಾಧ್ಯವಾಗುವುದು ಎಷ್ಟೋ ಸಲ ಯಂತ್ರ ಕೆಟ್ಟದ್ದರಿಂದಲ್ಲ, ಆಮೇಲೆ ಗಾಬರಿಯಲ್ಲಿ ಮಾಡಿದ ಕೆಲಸದಿಂದ. ವಾಲ್ಯೂಮ್ ಕ್ರ್ಯಾಶ್ (ಡೇಟಾ ಇಟ್ಟ ಜಾಗ ಕುಸಿದಿದೆ) ಎಂದು ಬಂದ ಕೂಡಲೇ ಕೈ ಹೋಗುವುದು ‘ರಿಪೇರಿ’ ಅಥವಾ ‘ಇನಿಶಿಯಲೈಸ್’ ಬಟನ್ನಿಗೆ.

ಸಾಮಾನ್ಯವಾಗಿ ಕಾಣುವ ಸನ್ನಿವೇಶ ಹೀಗಿರುತ್ತದೆ. ನಾಲ್ಕು ಡಿಸ್ಕ್‌ಗಳ ರೇಡ್ 5, ಅಂದರೆ ಒಂದು ಡಿಸ್ಕ್ ಕೆಟ್ಟರೆ ಮಾತ್ರ ತಡೆಯುವ ಬಗೆ. ಮೂರು ತಿಂಗಳ ಹಿಂದೆ ಒಂದು ಡಿಸ್ಕ್ ಹೊರಬಿತ್ತು. ನ್ಯಾಸ್ ಬೀಪ್ ಮಾಡಿತು, ಮನೆಯವರು ಶಬ್ದ ಆಫ್ ಮಾಡಿದರು. ಈಗ ಎರಡನೆಯದು ಹೊರಬಿತ್ತು, ಎಲ್ಲವೂ ನಿಂತಿತು. ಪೆಟ್ಟಿಗೆಯಲ್ಲಿ ಎರಡು ‘ಕೆಟ್ಟ’ ಡಿಸ್ಕ್‌ಗಳಿವೆ. ಎರಡೂ ತಿರುಗುತ್ತಿವೆ. ಆದರೆ ಮೊದಲನೆಯದರಲ್ಲಿ ಇರುವುದು ಮೂರು ತಿಂಗಳ ಹಿಂದಿನ ಡೇಟಾ. ಅದನ್ನು ಬಲವಂತವಾಗಿ ಸೇರಿಸಿ ರೇಡ್ ಎಬ್ಬಿಸಿದರೆ ಹಳತೂ ಹೊಸತೂ ಬೆರೆತು ಎಲ್ಲ ಕಲಸುಮೇಲೋಗರ. ಲಿನಕ್ಸ್ ರೇಡ್‌ನ ಪ್ರತಿ ಡಿಸ್ಕ್‌ನಲ್ಲೂ ‘ಈವೆಂಟ್ಸ್’ ಎಂಬ ಎಣಿಕೆ ಇರುತ್ತದೆ. ರೇಡ್‌ನ ಸ್ಥಿತಿ ಬದಲಾದಂತೆಲ್ಲ ಅದು ಏರುತ್ತದೆ. ಎಣಿಕೆ ತೀರಾ ಹಿಂದೆ ಉಳಿದ ಡಿಸ್ಕ್ ಯಾವುದೋ ಅದೇ ಮೊದಲು ಹೊರಬಿದ್ದದ್ದು. ಬಲ್ಲವರು ಮೊದಲು ನೋಡುವುದು ಆ ಸಂಖ್ಯೆಯನ್ನು. ಆಮೇಲೆ ಪ್ರತಿ ಡಿಸ್ಕ್‌ನ ಪೂರ್ತಿ ನಕಲು ತೆಗೆದು, ನಕಲಿನ ಮೇಲೇ ಪ್ರಯೋಗ ಮಾಡುತ್ತಾರೆ.

ಮನೆಯಲ್ಲಿ ಮಾಡಬೇಕಾದದ್ದು ಕಡಿಮೆ. ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಪವರ್ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಬೇಡಿ. ಡಿಸ್ಕ್ ತೆಗೆಯುವ ಮುನ್ನ ಯಾವ ಸ್ಲಾಟಿನದ್ದು ಎಂದು ಮಾರ್ಕರ್‌ನಲ್ಲಿ ಬರೆಯಿರಿ. ಫ್ರಿಜ್‌ನಲ್ಲಿಡುವ ಹಳೇ ಉಪಾಯ ಮರೆತುಬಿಡಿ. ಎಸ್‌ಎಸ್‌ಡಿಯಲ್ಲಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ನ ಡಿಸ್ಕ್) ಅಳಿಸಿದ್ದನ್ನು ತರುವುದು ಇನ್ನೂ ಕಷ್ಟ. ಟ್ರಿಮ್ ಎಂಬ ಸೌಲಭ್ಯ ಅಳಿಸಿದ ಜಾಗವನ್ನು ಹಿಂದೆಯೇ ಖಾಲಿ ಮಾಡಿಬಿಡುತ್ತದೆ.

ಕರೆಂಟಿನ ವಿಷಯವನ್ನೂ ಹೇಳಬೇಕು, ನಮ್ಮ ಕಡೆ ಅದು ಡಿಸ್ಕ್ ಬ್ರ್ಯಾಂಡಿಗಿಂತ ದೊಡ್ಡ ಸಂಗತಿ. ಮನೆಯಲ್ಲಿ ಇನ್ವರ್ಟರ್ ಇದೆ, ಸಾಕಲ್ವಾ ಎನ್ನಬಹುದು. ಇನ್ವರ್ಟರ್ ಲೈಟು ಫ್ಯಾನು ನಡೆಸುತ್ತದೆ, ಆದರೆ ಬ್ಯಾಟರಿ ಮುಗಿಯುತ್ತಿದೆ ಎಂದು ನ್ಯಾಸ್‌ಗೆ ಹೇಳುವುದಿಲ್ಲ. ಯುಎಸ್‌ಬಿ ತಂತಿಯಲ್ಲಿ ನ್ಯಾಸ್‌ಗೆ ಜೋಡಿಸುವ ಪುಟ್ಟ ಯುಪಿಎಸ್ ಹೇಳುತ್ತದೆ. ಆಗ ನ್ಯಾಸ್ ಬರೆಯುತ್ತಿದ್ದುದನ್ನು ಮುಗಿಸಿ ತಾನೇ ಮುಚ್ಚಿಕೊಳ್ಳುತ್ತದೆ. ಬರೆಯುವ ಮಧ್ಯೆ ಕರೆಂಟ್ ಹೋದರೆ ರೇಡ್‌ನಲ್ಲಿ ಒಂದು ಡಿಸ್ಕ್‌ಗೆ ಹೊಸತು, ಇನ್ನೊಂದಕ್ಕೆ ಹಳತು ಎಂಬ ಸ್ಥಿತಿ ಬರಬಹುದು.

ಮುಂದೇನಾಗಬಹುದು?

ಡಿಎಸ್‌ಎಂ 7.3ರಲ್ಲಿ 3.5 ಇಂಚಿನ ಹಾರ್ಡ್ ಡಿಸ್ಕ್ ಮತ್ತು 2.5 ಇಂಚಿನ ಸಾಟಾ ಎಸ್‌ಎಸ್‌ಡಿಗಳಿಗೆ ಬಾಗಿಲು ತೆರೆಯಿತು. ಎಂ.2 ಎಂಬ ಪುಟ್ಟ ಪಟ್ಟಿಯಂಥ ಎಸ್‌ಎಸ್‌ಡಿಗಳಲ್ಲಿ ಸ್ಟೋರೇಜ್ ಪೂಲ್ ಮಾಡಲು ಮಾತ್ರ ಕಂಪನಿಯ ಪಟ್ಟಿಯಲ್ಲಿರುವ ಡಿಸ್ಕೇ ಬೇಕು ಎಂಬುದನ್ನು ಉಳಿಸಿಕೊಂಡಿತು. ಅಂದರೆ ಬೀಗ ಆಗ ಪೂರ್ತಿ ಹೋಗಲಿಲ್ಲ. ಹಾಕಿದ್ದೂ ತೆಗೆದದ್ದೂ ಸಾಫ್ಟ್‌ವೇರಿನಿಂದ. ದುಡ್ಡು ಕೊಟ್ಟು ತಂದ ಪೆಟ್ಟಿಗೆ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಮುಂದಿನ ಅಪ್‌ಡೇಟಿನ ಕೈಯಲ್ಲಿದೆ.

ಆ ಆರು ತಿಂಗಳಲ್ಲಿ ಯುಗ್ರೀನ್‌ನಂಥ ಹೊಸಬರ ಕಡೆ, ಟ್ರೂನ್ಯಾಸ್‌ನಂಥ ಉಚಿತ ತಂತ್ರಾಂಶದ ಕಡೆ ಹೊಸ ಕಣ್ಣುಗಳು ಹೊರಳಿದವು. ಪೈಪೋಟಿ ಒಳ್ಳೆಯದೇ. ಆದರೆ ಹೊಸ ಕಂಪನಿಗಳ ಪೆಟ್ಟಿಗೆ ಅಗ್ಗ, ಒಳಗಿನ ಚಿಪ್ ಜೋರು ಎಂದು ಹಾರುವವರು ಅದರ ಸಾಫ್ಟ್‌ವೇರಿಗೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂದೂ ನೋಡಬೇಕು. ಮೈ ಬುಕ್ ಲೈವ್ ಬಿದ್ದದ್ದು ಅಲ್ಲೇ. ಲಾಗಿನ್ ಬಗೆಯನ್ನೂ ನೋಡಬೇಕು. 2023ರ ಮಾರ್ಚ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಮೇಲೆ ದಾಳಿಯಾಯಿತು. ಆಮೇಲೆ ಅದರ ಮೈ ಕ್ಲೌಡ್ ಸೇವೆ ಸುಮಾರು ಹತ್ತು ದಿನ ನಿಂತಿತು. ಆ ಲಾಗಿನ್ ನಂಬಿದ್ದ ಎಷ್ಟೋ ಮಂದಿಗೆ ತಮ್ಮದೇ ಮನೆಯ ಮೇಜಿನ ಮೇಲಿದ್ದ ಫೈಲು ತೆರೆಯಲಾಗಲಿಲ್ಲ.

ಕೊಳ್ಳುವ ಮೊದಲು ಆ ಕಂಪನಿಯ ಸಹಾಯ ಪುಟದಲ್ಲಿ ಎರಡು ಉತ್ತರ ಹುಡುಕಿ. ಪೆಟ್ಟಿಗೆ ಸತ್ತರೆ ಡಿಸ್ಕ್‌ಗಳನ್ನು ಮಾಮೂಲಿ ಪಿಸಿಯಲ್ಲಿ ಓದುವುದು ಹೇಗೆ? ಇಂಟರ್ನೆಟ್ ಇಲ್ಲದಾಗ ಲಾಗಿನ್ ಆಗುವುದು ಹೇಗೆ? ಈಗಾಗಲೇ ನ್ಯಾಸ್ ಇರುವವರಿಗೆ ಇನ್ನೊಂದು ಡಿಸ್ಕ್ ಕೊಳ್ಳುವ ದುಡ್ಡಿದ್ದರೆ, ಅದನ್ನು ಖಾಲಿ ಸ್ಲಾಟಿಗೆ ತುರುಕುವುದಕ್ಕಿಂತ ಯುಎಸ್‌ಬಿ ಕೇಸಿನಲ್ಲಿ ಹಾಕಿ, ಬ್ಯಾಕಪ್ ತೆಗೆದು, ತಂತಿ ಕಳಚಿ ಬೇರೆ ಮನೆಯಲ್ಲಿ ಇಡುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಆ ಬ್ಯಾಕಪ್‌ನಿಂದ ಒಂದು ಫೋಲ್ಡರನ್ನಾದರೂ ಲ್ಯಾಪ್‌ಟಾಪಿಗೆ ವಾಪಸ್ ತೆಗೆದು, ಒಳಗಿನ ನಾಲ್ಕು ಫೋಟೊ ತೆರೆಯುತ್ತವೆಯೇ ಎಂದು ನೋಡಿ. ಆ ಡಿಸ್ಕ್ ಯಾವ ಬ್ರ್ಯಾಂಡಿನದ್ದಾದರೂ ನಡೆಯುತ್ತದೆ.